ರಾಜಕಾರಣಿಗೆ ಶಿಕ್ಷೆ ತಪ್ಪುವುದು ಎಲ್ಲಿ?

'ಅವರಿಗೆಲ್ಲ ಏನೂ ಆಗೋದಿಲ್ಲ ಬಿಡಿ' ಎಂಬ ಮಾತು ಪ್ರಭಾವಿ ರಾಜಕಾರಣಿಯೊಬ್ಬರ ಮೇಲೆ ಎಫ್‌ಐಆರ್ ದಾಖಲಾದ ದಿನವೇ ಜನರ ಬಾಯಲ್ಲಿ ಬಂದುಬಿಡುತ್ತದೆ. ತೀರ್ಪಿನವರೆಗೆ ಕಾಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಈ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿದೆ. ಆದರೂ ಅದು ಪೂರ್ತಿ ನಿಜವಲ್ಲ. ಏನೂ ಆಗುವುದಿಲ್ಲವೆನ್ನುವಂತಿಲ್ಲ, ಬಹಳಷ್ಟು ಆಗುತ್ತದೆ: ದಾಳಿ ನಡೆಯುತ್ತದೆ, ಬಂಧನವಾಗುತ್ತದೆ, ಎದೆನೋವೆಂದು ಆಸ್ಪತ್ರೆ ಸೇರುವುದಾಗುತ್ತದೆ, ಜಾಮೀನು ಸಿಗುತ್ತದೆ, ಜೈಲಿನ ಬಾಗಿಲಲ್ಲಿ ಹಾರ ತುರಾಯಿಗಳ ಸ್ವಾಗತವೂ ನಡೆಯುತ್ತದೆ. ಮೊಕದ್ದಮೆ ಮುಗಿಯುವುದೊಂದು ಮಾತ್ರ ಆಗುವುದಿಲ್ಲ.

ಇದಕ್ಕೆ ನಾವು ಸಾಮಾನ್ಯವಾಗಿ ನ್ಯಾಯಾಲಯಗಳನ್ನು ದೂರುತ್ತೇವೆ. ನ್ಯಾಯಾಲಯಗಳ ಪಾಲು ಇಲ್ಲವೆಂದಲ್ಲ. ಆದರೆ ದಾಖಲೆಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ರಾಜಕಾರಣಿಗೆ ಶಿಕ್ಷೆ ತಪ್ಪುವುದು ನ್ಯಾಯಾಧೀಶರ ಪೀಠದಲ್ಲಿ ಕಡಿಮೆ, ಅದಕ್ಕೆ ಮೊದಲಿನ ಅಥವಾ ಆಮೇಲಿನ ಸರ್ಕಾರಿ ಮೇಜುಗಳಲ್ಲಿ ಹೆಚ್ಚು. ತನಿಖೆಗೆ ಅನುಮತಿ ಕೊಡುವುದು, ಆರೋಪಿಯ ವಿರುದ್ಧ ಸರ್ಕಾರದ ಪರ ವಾದಿಸುವ ಅಭಿಯೋಜಕರನ್ನು ನೇಮಿಸುವುದು, ಮೊಕದ್ದಮೆ ಹಿಂಪಡೆಯುವುದು, ಶಿಕ್ಷೆಯ ಅವಧಿ ಕಡಿತಗೊಳಿಸುವುದು, ಇವೆಲ್ಲವೂ ಅಧಿಕಾರದಲ್ಲಿರುವ ಸರ್ಕಾರದ ಕೈಯಲ್ಲಿವೆ. ಆರೋಪಿ ಆ ಸರ್ಕಾರದ ಒಳಗಿದ್ದಾನೋ ಹೊರಗಿದ್ದಾನೋ ಎಂಬುದರ ಮೇಲೆ ಮೊಕದ್ದಮೆಯ ವೇಗ ನಿಂತಿರುತ್ತದೆ.

ಮೊದಲು ಅಂಕಿಅಂಶ. ಸಂಸದರು ಮತ್ತು ಶಾಸಕರ ವಿರುದ್ಧದ ಪ್ರಕರಣಗಳನ್ನು ಬೇಗ ಮುಗಿಸಲು ವಿಶೇಷ ನ್ಯಾಯಾಲಯಗಳನ್ನು ಸ್ಥಾಪಿಸುವ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಸಮ್ಮತಿ ನೀಡಿತು. ಮರುವರ್ಷದ ಕೊನೆಯಲ್ಲಿ, ಹಾಲಿ ಮತ್ತು ಮಾಜಿ ಜನಪ್ರತಿನಿಧಿಗಳ ಮೇಲೆ ಬಾಕಿ ಇದ್ದ ಪ್ರಕರಣಗಳು 4,122. ನ್ಯಾಯಾಲಯಕ್ಕೆ ನೆರವಾಗಲು ನೇಮಕಗೊಂಡ ಹಿರಿಯ ವಕೀಲ ವಿಜಯ್ ಹನ್ಸಾರಿಯಾ ಅವರ ವರದಿಯ ಪ್ರಕಾರ 2022ರ ನವೆಂಬರ್ ಹೊತ್ತಿಗೆ ಅದು 5,175ಕ್ಕೆ ಏರಿತ್ತು. ವಿಶೇಷ ನ್ಯಾಯಾಲಯಗಳು ಬಂದ ಮೇಲೆ ಬಾಕಿ ಹೆಚ್ಚಾಯಿತು. ಜಾರಿ ನಿರ್ದೇಶನಾಲಯದ ಲೆಕ್ಕ ಇನ್ನೂ ಮುಜುಗರದ್ದು: 2015ರ ಏಪ್ರಿಲ್‌ನಿಂದ ಸುಮಾರು ಹತ್ತು ವರ್ಷಗಳಲ್ಲಿ ರಾಜಕಾರಣಿಗಳ ಮೇಲೆ 193 ಪ್ರಕರಣ ದಾಖಲಾಗಿ, ಕೇವಲ ಎರಡರಲ್ಲಿ ಶಿಕ್ಷೆಯಾಗಿದೆ ಎಂದು ಕೇಂದ್ರ ಸರ್ಕಾರವೇ 2025ರ ಮಾರ್ಚ್‌ನಲ್ಲಿ ರಾಜ್ಯಸಭೆಗೆ ತಿಳಿಸಿತು. ಇನ್ನೊಂದು ಕಡೆ, ತಮ್ಮ ಮೇಲೆ ಕ್ರಿಮಿನಲ್ ಪ್ರಕರಣಗಳಿವೆ ಎಂದು ಘೋಷಿಸಿಕೊಂಡೇ ಗೆದ್ದ ಲೋಕಸಭಾ ಸದಸ್ಯರ ಸಂಖ್ಯೆ 2009ರಲ್ಲಿ 162 ಇದ್ದದ್ದು 2024ರಲ್ಲಿ 251 ಆಯಿತು.

ಅಂಕಿಗಳು ಹೇಳದ ಕಥೆಯನ್ನು ಒಂದೇ ಮೊಕದ್ದಮೆಯನ್ನು ಹತ್ತಿರದಿಂದ ನೋಡಿ ತಿಳಿಯಬಹುದು. ಅದು ಬೆಂಗಳೂರಿನಲ್ಲಿ ನಡೆದದ್ದೇ: ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರ ಆದಾಯ ಮೀರಿದ ಆಸ್ತಿ ಪ್ರಕರಣ. 1991ರಿಂದ 1996ರವರೆಗಿನ ಅವರ ಮೊದಲ ಆಡಳಿತಾವಧಿಯ ಆಸ್ತಿ ಗಳಿಕೆಯ ಬಗ್ಗೆ 1996ರಲ್ಲಿ ದೂರು ದಾಖಲಾಗಿ, ಚೆನ್ನೈನ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ಆರಂಭವಾಯಿತು. ಆಗ ಅಧಿಕಾರದಲ್ಲಿದ್ದದ್ದು ಅವರ ಎದುರಾಳಿ ಪಕ್ಷವಾದ ಡಿಎಂಕೆ. 2001ರಲ್ಲಿ ಸರ್ಕಾರ ಬದಲಾಗಿ ಜಯಲಲಿತಾ ಅವರೇ ಮತ್ತೆ ಮುಖ್ಯಮಂತ್ರಿಯಾದರು. ಆಗ ಆರೋಪಿಗಳು, ಈಗಾಗಲೇ ಸಾಕ್ಷ್ಯ ನುಡಿದು ಹೋಗಿದ್ದ ಅಭಿಯೋಜನೆಯ ಸಾಕ್ಷಿಗಳನ್ನು ಪಾಟಿಸವಾಲಿಗೆ ಮರಳಿ ಕರೆಸಬೇಕೆಂದು ಕೋರಿದರು. ಅಭಿಯೋಜಕರು ಅದಕ್ಕೆ ಆಕ್ಷೇಪಿಸಲಿಲ್ಲ. ಮರಳಿ ಬಂದ 76 ಸಾಕ್ಷಿಗಳಲ್ಲಿ ಬಹುತೇಕರು ತಮ್ಮ ಹಿಂದಿನ ಹೇಳಿಕೆಯಿಂದ ಹಿಂದೆ ಸರಿದರು. ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಘೋಷಿಸಿ ಪ್ರಶ್ನಿಸುವ ಕೆಲಸವನ್ನೂ ಅಭಿಯೋಜಕರು ಮಾಡಲಿಲ್ಲ. ಇದನ್ನೆಲ್ಲ ಗಮನಿಸಿದ ಸುಪ್ರೀಂ ಕೋರ್ಟ್, ಡಿಎಂಕೆಯ ಕೆ. ಅನ್ಬಳಗನ್ ಅವರ ಅರ್ಜಿಯ ಮೇಲೆ 2003ರ ನವೆಂಬರ್‌ನಲ್ಲಿ ವಿಚಾರಣೆಯನ್ನು ಕರ್ನಾಟಕಕ್ಕೆ ವರ್ಗಾಯಿಸಿತು.

ಅಲ್ಲಿಂದ ಹನ್ನೊಂದು ವರ್ಷ ಉರುಳಿದವು. ವಿಶೇಷ ಅಭಿಯೋಜಕರಾಗಿ ಮೊಕದ್ದಮೆಯನ್ನು ಮುನ್ನಡೆಸಿದ ಬಿ.ವಿ. ಆಚಾರ್ಯ ಅವರು ಒತ್ತಡಗಳ ನಡುವೆ 2012ರಲ್ಲಿ ಆ ಹೊಣೆಯಿಂದ ಹೊರಬಂದರು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದ ಜೈಲಿನ ಆವರಣದಲ್ಲಿ ಸಿದ್ಧಪಡಿಸಿದ್ದ ನ್ಯಾಯಾಲಯದಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ಅವರು ಜಯಲಲಿತಾ ಅವರಿಗೆ ನಾಲ್ಕು ವರ್ಷ ಜೈಲು ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿದಾಗ, ದೇಶದಲ್ಲಿ ಅಧಿಕಾರದಲ್ಲಿದ್ದಾಗಲೇ ಶಿಕ್ಷೆಗೆ ಗುರಿಯಾಗಿ ಶಾಸಕ ಸ್ಥಾನ ಕಳೆದುಕೊಂಡ ಮೊದಲ ಮುಖ್ಯಮಂತ್ರಿ ಅವರಾದರು. ಎಂಟು ತಿಂಗಳೂ ಕಳೆಯಲಿಲ್ಲ, 2015ರ ಮೇ 11ರಂದು ಕರ್ನಾಟಕ ಹೈಕೋರ್ಟ್ ಎಲ್ಲರನ್ನೂ ಖುಲಾಸೆಗೊಳಿಸಿತು. ಘೋಷಿತ ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇ 8.12 ಮಾತ್ರ, ಶೇ 10ರವರೆಗೆ ವಿನಾಯಿತಿ ಉಂಟು ಎಂಬುದು ಅದರ ತರ್ಕ. ಆದರೆ ಆ ತೀರ್ಪಿನಲ್ಲೇ ಆದಾಯವೆಂದು ಲೆಕ್ಕಕ್ಕೆ ತೆಗೆದುಕೊಂಡಿದ್ದ ಬ್ಯಾಂಕ್ ಸಾಲಗಳ ಪಟ್ಟಿಯನ್ನು ಕೂಡಿದರೆ ಬರುವ ಮೊತ್ತ ಸುಮಾರು 10.67 ಕೋಟಿ. ತೀರ್ಪಿನಲ್ಲಿ ಬರೆದದ್ದು 24.17 ಕೋಟಿ. ಹದಿಮೂರುವರೆ ಕೋಟಿ ರೂಪಾಯಿಯ ಈ ಕೂಡಿಕೆಯ ತಪ್ಪನ್ನು ಸರಿಪಡಿಸಿದರೆ ಖುಲಾಸೆಯ ಆಧಾರವೇ ಕುಸಿಯುತ್ತದೆ.

ಅಂಕಗಣಿತದ ಈ ತಪ್ಪು ಎಲ್ಲರಿಗೂ ನೆನಪಿದೆ. ಅದಕ್ಕಿಂತ ಮುಖ್ಯವೆಂದು ನನಗೆ ತೋರುವುದು, ಖುಲಾಸೆಗೆ ಎರಡು ವಾರ ಮೊದಲು ನಡೆದ ಸಂಗತಿ. ಹೈಕೋರ್ಟಿನಲ್ಲಿ ಮೇಲ್ಮನವಿಯ ವಿಚಾರಣೆ ನಡೆದಷ್ಟು ಕಾಲವೂ ಅಭಿಯೋಜನೆಯ ಪರ ವಾದಿಸಿದವರನ್ನು ನೇಮಿಸಿದ್ದು ತಮಿಳುನಾಡು ಸರ್ಕಾರ. ಅಂದರೆ ಆರೋಪಿಯ ಪಕ್ಷವೇ ನಡೆಸುತ್ತಿದ್ದ ಸರ್ಕಾರ. ಮೊಕದ್ದಮೆ ಕರ್ನಾಟಕಕ್ಕೆ ವರ್ಗವಾದ ಮೇಲೆ ನೇಮಕದ ಅಧಿಕಾರ ಕರ್ನಾಟಕದ್ದು ಮಾತ್ರ, ಆ ನೇಮಕ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2015ರ ಏಪ್ರಿಲ್ 27ರಂದು ಹೇಳಿತು. ಆದರೆ ಅಷ್ಟರಲ್ಲಿ ವಾದ ಮುಗಿದಿತ್ತು. ಮತ್ತೆ ವಿಚಾರಣೆ ನಡೆಸಬೇಕಾಗಿಲ್ಲ, ಕರ್ನಾಟಕ ತನ್ನ ವಾದವನ್ನು ಒಂದು ದಿನದೊಳಗೆ ಬರವಣಿಗೆಯಲ್ಲಿ ಸಲ್ಲಿಸಲಿ ಎಂಬ ನಿರ್ದೇಶನ ಬಂತು. ಹತ್ತೊಂಬತ್ತು ವರ್ಷ ನಡೆದ ಮೊಕದ್ದಮೆಯ ನಿರ್ಣಾಯಕ ಹಂತದಲ್ಲಿ ಸರಿಯಾಗಿ ನೇಮಕಗೊಂಡ ಅಭಿಯೋಜಕರಿಗೆ ಸಿಕ್ಕ ಅವಕಾಶ ಇಷ್ಟೇ. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಖುಲಾಸೆಯನ್ನು ರದ್ದುಪಡಿಸಿ ವಿಶೇಷ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿದಾಗ ಮೊದಲ ಆರೋಪಿ ತೀರಿಕೊಂಡು ಎರಡು ತಿಂಗಳು ಕಳೆದಿತ್ತು. ಸಹ ಆರೋಪಿಗಳಾದ ಶಶಿಕಲಾ ಮತ್ತಿತರರು ಜೈಲಿಗೆ ಹೋದರು. ಪ್ರಧಾನ ಆರೋಪಿಯ ಮಟ್ಟಿಗೆ ಪ್ರಕರಣ ಕಾಲಾಧೀನವಾಯಿತು, ಅಕ್ಷರಶಃ.

ಇದು ನ್ಯಾಯಾಲಯದ ಬಾಗಿಲು ದಾಟಿದ ಮೊಕದ್ದಮೆಯ ಪಾಡು. ಎಷ್ಟೋ ಪ್ರಕರಣಗಳು ಆ ಬಾಗಿಲಿಗೂ ತಲುಪುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 17ಎ ಕಲಂ, ಅಧಿಕಾರದಲ್ಲಿದ್ದಾಗ ಕೈಗೊಂಡ ನಿರ್ಧಾರಗಳ ಬಗ್ಗೆ ತನಿಖೆಗೂ ಮುನ್ನ ಪೂರ್ವಾನುಮತಿ ಬೇಕೆನ್ನುತ್ತದೆ. ತನಿಖೆ ಮುಗಿದ ಮೇಲೆ 19ನೇ ಕಲಮಿನಡಿ ವಿಚಾರಣೆಗೆ ಇನ್ನೊಂದು ಅನುಮತಿ. ಪ್ರಾಮಾಣಿಕ ಅಧಿಕಾರಿಗಳು ಸುಳ್ಳು ದೂರುಗಳಿಗೆ ಹೆದರದೆ ಕೆಲಸ ಮಾಡಲಿ ಎಂಬ ಉದ್ದೇಶ ಒಪ್ಪತಕ್ಕದ್ದೇ. ಆದರೆ ಈ ಅನುಮತಿ ಕಡತಗಳು ಹೇಗೆ ಚಲಿಸುತ್ತವೆಂಬುದನ್ನು ಕರ್ನಾಟಕ 2024ರ ಆಗಸ್ಟ್‌ನಲ್ಲಿ ಕಣ್ಣಾರೆ ಕಂಡಿತು. ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ವಿರುದ್ಧದ ಖಾಸಗಿ ದೂರಿಗೆ ರಾಜ್ಯಪಾಲರು ಅನುಮತಿ ನೀಡಿದರು. ಅದೇ ರಾಜ್ಯಪಾಲರ ಮುಂದೆ ಎಚ್.ಡಿ. ಕುಮಾರಸ್ವಾಮಿ ಅವರ ವಿರುದ್ಧ ಗಣಿ ಗುತ್ತಿಗೆ ಪ್ರಕರಣದಲ್ಲಿ ಲೋಕಾಯುಕ್ತ ವಿಶೇಷ ತನಿಖಾ ತಂಡ 2023ರ ನವೆಂಬರ್‌ನಿಂದಲೇ ಕೋರಿದ್ದ ಅನುಮತಿ ಬಾಕಿ ಇತ್ತು. ಒಂದು ಕಡತಕ್ಕೆ ಏಕೆ ಅವಸರ, ಇನ್ನೊಂದಕ್ಕೆ ಏಕೆ ನಿಧಾನ ಎಂದು ಕೇಳಿ ಸಚಿವ ಸಂಪುಟ ನಿರ್ಣಯ ಕೈಗೊಂಡಿತು. ಯಾವ ಪ್ರಕರಣದಲ್ಲಿ ಹುರುಳಿದೆ, ಯಾವುದರಲ್ಲಿ ಇಲ್ಲ ಎಂಬುದು ಇಲ್ಲಿನ ಚರ್ಚೆಯಲ್ಲ. ಸಾಕ್ಷ್ಯವನ್ನು ಯಾರೂ ತೆರೆದು ನೋಡುವ ಮೊದಲೇ ತಿಂಗಳುಗಟ್ಟಲೆ ಕಾಲ ಅನುಮತಿಯ ವ್ಯಾಜ್ಯದಲ್ಲಿ ಕಳೆಯಿತೆಂಬುದು, ಎರಡೂ ಪಕ್ಷಗಳು ಅನುಮತಿಯ ಕೀಲಿ ಎದುರಾಳಿಯ ಕೈಯಲ್ಲಿದ್ದಾಗ ಮಾತ್ರ ಅದರ ದುರುಪಯೋಗದ ಬಗ್ಗೆ ದನಿ ಎತ್ತಿದವೆಂಬುದು ಗಮನಿಸತಕ್ಕ ವಿಷಯ.

ಮೊಕದ್ದಮೆ ಹಿಂಪಡೆಯುವ ಅಧಿಕಾರದ ವಿಷಯದಲ್ಲಂತೂ ಪಕ್ಷಭೇದವೇ ಇಲ್ಲ. 2020ರ ಆಗಸ್ಟ್‌ನಲ್ಲಿ ಬಿಜೆಪಿ ಸರ್ಕಾರ ಸಚಿವರು, ಶಾಸಕರ ಮೇಲಿನವೂ ಸೇರಿ 61 ಪ್ರಕರಣಗಳನ್ನು ಹಿಂಪಡೆಯಲು ಆದೇಶಿಸಿತು. ಹೈಕೋರ್ಟ್ ಅದಕ್ಕೆ ತಡೆ ನೀಡಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ ಹಳೇ ಹುಬ್ಬಳ್ಳಿ ಠಾಣೆಯ ಗಲಭೆ ಪ್ರಕರಣವೂ ಸೇರಿ 43 ಪ್ರಕರಣಗಳನ್ನು ಹಿಂಪಡೆಯಲು ಆದೇಶಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಕಾನೂನಿನ ಪ್ರಕಾರ ಹಿಂಪಡೆಯುವ ತೀರ್ಮಾನ ಸರ್ಕಾರಿ ಅಭಿಯೋಜಕರ ಸ್ವಂತ ವಿವೇಚನೆಗೆ ಬಿಟ್ಟದ್ದು. ವಾಸ್ತವದಲ್ಲಿ ತೀರ್ಮಾನ ಸಂಪುಟದಲ್ಲಾಗುತ್ತದೆ, ಅಭಿಯೋಜಕರು ರುಜು ಹಾಕುತ್ತಾರೆ. ಜನಪ್ರತಿನಿಧಿಗಳ ಮೇಲಿನ ಯಾವ ಪ್ರಕರಣವನ್ನೂ ಹೈಕೋರ್ಟಿನ ಅನುಮತಿ ಇಲ್ಲದೆ ಹಿಂಪಡೆಯಬಾರದೆಂದು ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಆದೇಶಿಸಬೇಕಾಗಿ ಬಂದದ್ದು ಈ ಚಾಳಿಯಿಂದಲೇ.

ತನಿಖಾ ಸಂಸ್ಥೆಗಳ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯಿಂದ ರಾಜ್ಯಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು 2011ರಲ್ಲಿ ವರದಿ ಕೊಟ್ಟು ಮುಖ್ಯಮಂತ್ರಿಯ ರಾಜೀನಾಮೆಗೆ ಕಾರಣವಾಗಿದ್ದ ಲೋಕಾಯುಕ್ತದಿಂದ, ಐದೇ ವರ್ಷಗಳಲ್ಲಿ ಪೊಲೀಸ್ ಅಧಿಕಾರವನ್ನು ಕಿತ್ತು ಸರ್ಕಾರದ ಅಧೀನದ ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಕೊಡಲಾಯಿತು. ಕಾಂಗ್ರೆಸ್ ಸರ್ಕಾರ ಮಾಡಿದ ಈ ಏರ್ಪಾಡನ್ನು ಆಮೇಲೆ ಬಂದ ಸಮ್ಮಿಶ್ರ ಸರ್ಕಾರವಾಗಲಿ ಬಿಜೆಪಿ ಸರ್ಕಾರವಾಗಲಿ ಬದಲಿಸಲಿಲ್ಲ. 2022ರ ಆಗಸ್ಟ್‌ನಲ್ಲಿ ಹೈಕೋರ್ಟೇ ಎಸಿಬಿಯನ್ನು ರದ್ದು ಮಾಡಬೇಕಾಯಿತು. ದೆಹಲಿಯಲ್ಲೂ ಹೀಗೆಯೇ. ಸಿಬಿಐಯನ್ನು ಸುಪ್ರೀಂ ಕೋರ್ಟ್ ಪಂಜರದ ಗಿಳಿ ಎಂದು ಕರೆದದ್ದು 2013ರಲ್ಲಿ, ಯುಪಿಎ ಸರ್ಕಾರದ ಕಾಲದಲ್ಲಿ. ಪಂಜರ ಹಾಗೆಯೇ ಉಳಿದು ಒಡೆಯ ಮಾತ್ರ ಬದಲಾದ.

ಕಾನೂನಿನ ವ್ಯಾಖ್ಯಾನವೇ ರಕ್ಷಾಕವಚವಾದದ್ದೂ ಉಂಟು. 1993ರ ಜುಲೈನಲ್ಲಿ ನರಸಿಂಹ ರಾವ್ ಸರ್ಕಾರ ಅವಿಶ್ವಾಸ ನಿರ್ಣಯವನ್ನು 265-251 ಮತಗಳಿಂದ ಗೆದ್ದಿತು. ಜಾರ್ಖಂಡ್ ಮುಕ್ತಿ ಮೋರ್ಚಾದ ಕೆಲವು ಸದಸ್ಯರು ಲಂಚ ಪಡೆದು ಮತ ಹಾಕಿದರೆಂಬ ಆರೋಪದ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1998ರಲ್ಲಿ ಕೊಟ್ಟ ಬಹುಮತದ ತೀರ್ಪು ವಿಚಿತ್ರವಾಗಿತ್ತು: ಲಂಚ ಪಡೆದು ಸದನದಲ್ಲಿ ಮತ ಹಾಕಿದವರಿಗೆ ಸಂವಿಧಾನದ 105ನೇ ವಿಧಿಯ ರಕ್ಷಣೆ ಉಂಟು, ಲಂಚ ಪಡೆದೂ ಮತ ಹಾಕದೆ ಉಳಿದವರಿಗೆ ಆ ರಕ್ಷಣೆ ಇಲ್ಲ. ಕೊಂಡವನಿಗೆ ಮಾತು ಉಳಿಸಿಕೊಂಡ ಸದಸ್ಯ ಪಾರು, ಮಾತಿಗೆ ತಪ್ಪಿದವನು ಆರೋಪಿ. ಏಳು ನ್ಯಾಯಮೂರ್ತಿಗಳ ಪೀಠ ಈ ತೀರ್ಪನ್ನು ತಳ್ಳಿಹಾಕಲು 2024ರ ಮಾರ್ಚ್‌ವರೆಗೆ, ಅಂದರೆ ಇಪ್ಪತ್ತಾರು ವರ್ಷ ಬೇಕಾಯಿತು.

ಇನ್ನು ಶಿಕ್ಷೆಯಾದ ಮೇಲಿನ ಮಾತು. ಓಬಳಾಪುರಂ ಗಣಿ ಪ್ರಕರಣವನ್ನು ಸಿಬಿಐ ದಾಖಲಿಸಿದ್ದು 2009ರ ಡಿಸೆಂಬರ್‌ನಲ್ಲಿ. ಮಾಜಿ ಸಚಿವ ಜಿ. ಜನಾರ್ದನ ರೆಡ್ಡಿ ಅವರಿಗೆ ಹೈದರಾಬಾದಿನ ವಿಶೇಷ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು. ಮುಂದಿನ ತಿಂಗಳೇ ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಿತು. ಮೇಲ್ಮನವಿಯ ಹಕ್ಕು ಪ್ರತಿಯೊಬ್ಬ ಆರೋಪಿಗೂ ಇರುವಂಥದ್ದು, ಅದನ್ನು ಪ್ರಶ್ನಿಸಲಾಗದು. ಆದರೆ ಹದಿನೈದು ವರ್ಷ ಮೀರಿ ಕಾದ ತೀರ್ಪು ಒಂದು ತಿಂಗಳಲ್ಲಿ ಅಮಾನತಾದಾಗ ಜನ ಕಾನೂನಿನ ಸೂಕ್ಷ್ಮಗಳನ್ನು ಎಣಿಸುತ್ತ ಕೂರುವುದಿಲ್ಲ. ಬಿಹಾರದಲ್ಲಿ ನಡೆದದ್ದಕ್ಕಂತೂ ಅಂಥ ಸೂಕ್ಷ್ಮದ ಸಮರ್ಥನೆಯೂ ಇಲ್ಲ. ಗೋಪಾಲಗಂಜ್ ಜಿಲ್ಲಾಧಿಕಾರಿಯಾಗಿದ್ದ ಜಿ. ಕೃಷ್ಣಯ್ಯ ಅವರನ್ನು 1994ರಲ್ಲಿ ಗುಂಪೊಂದು ಕೊಂದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ ಮಾಜಿ ಸಂಸದ ಆನಂದ್ ಮೋಹನ್ 2023ರ ಏಪ್ರಿಲ್‌ನಲ್ಲಿ ಬಿಡುಗಡೆಯಾದರು. ಅದಕ್ಕೆ ಕೆಲವೇ ದಿನ ಮೊದಲು, ಕರ್ತವ್ಯನಿರತ ಸರ್ಕಾರಿ ನೌಕರನನ್ನು ಕೊಂದವರಿಗೆ ಅವಧಿಪೂರ್ವ ಬಿಡುಗಡೆ ಇಲ್ಲ ಎಂದಿದ್ದ ಮಾತನ್ನು ಸರ್ಕಾರ ಜೈಲು ಕೈಪಿಡಿಯಿಂದ ತೆಗೆದುಹಾಕಿತ್ತು.

ಇಷ್ಟಾದರೂ ಶಿಕ್ಷೆ ಆಗುವುದೇ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರ ಬಂಧನವಾದದ್ದು 2024ರ ಮೇ 31ರಂದು, ವಿದೇಶದಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದಾಗ. ಅತ್ಯಾಚಾರದ ಒಂದು ಪ್ರಕರಣದಲ್ಲಿ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಅವರನ್ನು ದೋಷಿ ಎಂದು ಹೇಳಿದ್ದು 2025ರ ಆಗಸ್ಟ್ 1ರಂದು. ಮರುದಿನ ಜೀವಾವಧಿ ಶಿಕ್ಷೆ. ಮಾಜಿ ಪ್ರಧಾನಿಯೊಬ್ಬರ ಮೊಮ್ಮಗನ ವಿರುದ್ಧ, ಮನೆಗೆಲಸದ ಮಹಿಳೆಯೊಬ್ಬರು ಕೊಟ್ಟ ದೂರು ಹದಿನಾಲ್ಕು ತಿಂಗಳಲ್ಲಿ ತೀರ್ಪು ಕಂಡಿತು. ಇದು ಹೇಗೆ ಸಾಧ್ಯವಾಯಿತು? ದೂರುದಾರೆ ಒತ್ತಡಕ್ಕೆ ಮಣಿಯದೆ ಕೊನೆಯವರೆಗೆ ನಿಂತರು. ವಿಡಿಯೊ ಇತ್ತು, ಸೀರೆಯ ಮೇಲೆ ದೊರೆತ ಡಿಎನ್‌ಎ ಇತ್ತು, ಬಾಯಿಮಾತಿನ ಸಾಕ್ಷ್ಯವನ್ನಷ್ಟೇ ನೆಚ್ಚಿಕೊಳ್ಳಬೇಕಾದ ಸ್ಥಿತಿ ಇರಲಿಲ್ಲ. ಆರೋಪಿಗೆ ಜಾಮೀನು ಸಿಗದಿದ್ದುದರಿಂದ ವಿಚಾರಣೆಯನ್ನು ಎಳೆಯುವುದರಲ್ಲಿ ಅವರಿಗೆ ಲಾಭವಿರಲಿಲ್ಲ. ಇದರ ಜೊತೆಗೆ ಇನ್ನೊಂದು ಕಾರಣವನ್ನೂ ಹೇಳಲೇಬೇಕು: ರಾಜ್ಯದ ಸರ್ಕಾರ ಎದುರು ಪಕ್ಷದ್ದಾಗಿತ್ತು, ಅವರ ಪಕ್ಷ ಅವರನ್ನು ಅಮಾನತುಗೊಳಿಸಿತ್ತು, ಚುನಾವಣೆಯಲ್ಲೂ ಅವರು ಸೋತಿದ್ದರು. ಅವರನ್ನು ಉಳಿಸುವುದರಿಂದ ಅಧಿಕಾರದಲ್ಲಿದ್ದ ಯಾರಿಗೂ ಪ್ರಯೋಜನವಿರಲಿಲ್ಲ. ತೀರ್ಪಿನ ಸಾಕ್ಷ್ಯಬಲವನ್ನು ಈ ಮಾತು ಕಡಿಮೆ ಮಾಡುವುದಿಲ್ಲ. ಅಷ್ಟೇ ಬಲವಾದ ಸಾಕ್ಷ್ಯವಿದ್ದು ಆರೋಪಿ ಆಡಳಿತ ಪಕ್ಷದ ಸಚಿವನಾಗಿದ್ದರೆ ಇದೇ ವೇಗ ಇರುತ್ತಿತ್ತೇ ಎಂಬ ಪ್ರಶ್ನೆಯನ್ನು ಮಾತ್ರ ಅದು ಉಳಿಸುತ್ತದೆ.

ಜನರ ಹತಾಶೆ ಎತ್ತ ತಿರುಗುತ್ತದೆ ಎಂಬುದೂ ಈಗ ಮುಖ್ಯವಾಗಿದೆ. ತೀರ್ಪು ಬರುವುದಿಲ್ಲವೆಂದು ಮನವರಿಕೆಯಾದವರಿಗೆ ಬಂಧನವೇ ಶಿಕ್ಷೆಯಾಗಿ ಕಾಣುತ್ತದೆ. 'ಒಂದಷ್ಟು ದಿನವಾದರೂ ಒಳಗಿದ್ದನಲ್ಲ' ಎಂಬ ಸಮಾಧಾನ ಎಲ್ಲ ಕಡೆ ಕೇಳಿಬರುತ್ತದೆ. ಈ ಸಮಾಧಾನ ಅಪಾಯಕಾರಿ, ಏಕೆಂದರೆ ಯಾರನ್ನು ಯಾವಾಗ ಬಂಧಿಸಬೇಕೆಂಬುದು ಮತ್ತೆ ಅದೇ ಸರ್ಕಾರಿ ಮೇಜಿನ ತೀರ್ಮಾನ. ದೆಹಲಿಯ ಉಪಮುಖ್ಯಮಂತ್ರಿಯಾಗಿದ್ದ ಮನೀಶ್ ಸಿಸೋಡಿಯಾ ವಿಚಾರಣೆಯೇ ಆರಂಭವಾಗದೆ ಹದಿನೇಳು ತಿಂಗಳು ಜೈಲಿನಲ್ಲಿದ್ದು, 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಜಾಮೀನು ಪಡೆದರು. 2025ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋದ 130ನೇ ತಿದ್ದುಪಡಿ ಮಸೂದೆ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ: ಐದು ವರ್ಷ ಅಥವಾ ಹೆಚ್ಚಿನ ಶಿಕ್ಷೆಗೆ ಅರ್ಹವಾದ ಆರೋಪದಲ್ಲಿ ಸತತ 30 ದಿನ ಬಂಧನದಲ್ಲಿದ್ದರೆ ಪ್ರಧಾನಿ, ಮುಖ್ಯಮಂತ್ರಿ, ಸಚಿವರು ಹುದ್ದೆ ಕಳೆದುಕೊಳ್ಳುತ್ತಾರೆ. ಕೇಳಲು ಹಿತವಾಗಿದೆ. ಆದರೆ ಇಲ್ಲಿ ದೋಷ ನಿರ್ಣಯವೇ ಬೇಕಾಗಿಲ್ಲ. 193ರಲ್ಲಿ ಎರಡೇ ಪ್ರಕರಣಗಳನ್ನು ಸಾಬೀತುಪಡಿಸಿದ ವ್ಯವಸ್ಥೆಯ ಕೈಗೆ, ಸಾಬೀತುಪಡಿಸದೆಯೇ ಸರ್ಕಾರ ಬೀಳಿಸುವ ಅಸ್ತ್ರ ಕೊಟ್ಟಂತಾಗುತ್ತದೆ. ಶಿಕ್ಷೆಯಾದ ಕೂಡಲೇ ಸ್ಥಾನ ಹೋಗಬೇಕೆಂದು 2013ರ ಜುಲೈ 10ರಂದು ಲಿಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ ಜಾತಿಯದು. ಅಲ್ಲಿ ಕನಿಷ್ಠ ಒಬ್ಬ ನ್ಯಾಯಾಧೀಶರು ಸಾಕ್ಷ್ಯ ಕೇಳಿ ತೀರ್ಮಾನಿಸಿರುತ್ತಾರೆ.

ಎಲ್ಲ ಖುಲಾಸೆಗಳೂ ಪಾರಾಗುವಿಕೆಯಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. 2ಜಿ ತರಂಗಾಂತರ ಹಂಚಿಕೆ ಪ್ರಕರಣದಲ್ಲಿ 2017ರ ಡಿಸೆಂಬರ್ 21ರಂದು ಕೇಂದ್ರದ ಮಾಜಿ ಸಚಿವ ಎ. ರಾಜಾ ಮತ್ತಿತರರನ್ನು ಖುಲಾಸೆಗೊಳಿಸಿದ ನ್ಯಾಯಾಧೀಶ ಒ.ಪಿ. ಸೈನಿ, ಕಾನೂನಿಗೆ ಒಪ್ಪುವ ಸಾಕ್ಷ್ಯ ಹಿಡಿದು ಯಾರಾದರೂ ಬಂದಾರೆಂದು ಏಳು ವರ್ಷ, ಬೇಸಿಗೆ ರಜೆಯಲ್ಲೂ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕಾದೆ, ಯಾರೂ ಬರಲಿಲ್ಲ ಎಂದು ತೀರ್ಪಿನಲ್ಲಿ ದಾಖಲಿಸಿದರು. ಆರೋಪಿಗಳು ನಿರಪರಾಧಿಗಳಾಗಿದ್ದರೋ, ಅಭಿಯೋಜನೆ ಕೈಚೆಲ್ಲಿತೋ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಅಭಿಯೋಜನೆ ಸ್ವತಂತ್ರವಲ್ಲದ ಕಡೆ ಖುಲಾಸೆಯನ್ನೂ ನಂಬಲಾಗದು, ಶಿಕ್ಷೆಯನ್ನೂ ನಂಬಲಾಗದು. ತಪ್ಪು ಮಾಡದ ರಾಜಕಾರಣಿಗೂ ಇದರಿಂದ ನಷ್ಟವೇ, ಏಕೆಂದರೆ ಅವರು ನಿಜವಾಗಿ ಗೆದ್ದ ಮೊಕದ್ದಮೆಯನ್ನೂ ಜನ 'ಮುಚ್ಚಿಹಾಕಿದರು' ಎಂದೇ ಹೇಳುತ್ತಾರೆ.

ಹಾಗಿದ್ದೂ ಆರೋಪಿಗಳಿಗೆ ಜನರೇ ಮತ ಹಾಕುತ್ತಾರಲ್ಲ ಎಂಬ ಆಕ್ಷೇಪ ಸುಲಭವಾಗಿ ಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಆದರೆ ಪ್ರಮಾಣಪತ್ರದಲ್ಲಿ ಅಭ್ಯರ್ಥಿ ಬರೆದಿರುವ ಪ್ರಕರಣ ನಿಜವೋ ರಾಜಕೀಯ ಪ್ರೇರಿತವೋ ಎಂದು ಮತದಾರ ಹೇಗೆ ನಿರ್ಧರಿಸಬೇಕು? ಅದನ್ನು ತಿಳಿಸಬೇಕಾದ ತೀರ್ಪು ಹತ್ತು ಹದಿನೈದು ವರ್ಷ ಬಾರದಿದ್ದಾಗ, ಠಾಣೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ತನ್ನ ಕೆಲಸ ಮಾಡಿಸಿಕೊಡುವ ಮನುಷ್ಯನನ್ನು ಆತ ಆರಿಸುತ್ತಾನೆ.

ಹಾಗಾಗಿ ಬದಲಾವಣೆಯ ಬೇಡಿಕೆ ಕಠಿಣ ಶಿಕ್ಷೆಯ ಬೇಡಿಕೆಯಾದರೆ ಪ್ರಯೋಜನ ಕಡಿಮೆ. ಆರೋಪ ನಿಗದಿಯಾದ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು. ಸಾಕ್ಷಿ ರಕ್ಷಣಾ ಯೋಜನೆಗೆ 2018ರಲ್ಲಿ ಅದು ಒಪ್ಪಿಗೆ ಕೊಟ್ಟಿತು. ನಿಯಮಗಳ ಕೊರತೆ ಇಲ್ಲ. ಇಂಥ ಪ್ರಕರಣಗಳಲ್ಲಿ ಅಭಿಯೋಜಕರ ನೇಮಕ ಮತ್ತು ಅನುಮತಿಯ ತೀರ್ಮಾನ ಗೃಹ ಇಲಾಖೆಯ ಕೈಯಿಂದ ಹೊರಗೆ, ಹೈಕೋರ್ಟಿನ ನಿಗಾಕ್ಕೆ ಬರಬೇಕೆಂಬುದು ನನ್ನ ಅಭಿಪ್ರಾಯ. 2023ರಲ್ಲಿ ಅಂಗೀಕಾರವಾಗಿ 2024ರ ಜುಲೈನಲ್ಲಿ ಜಾರಿಗೆ ಬಂದ, ಕ್ರಿಮಿನಲ್ ಮೊಕದ್ದಮೆ ನಡೆಸುವ ವಿಧಾನವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ರಾಜ್ಯಗಳ ಅಭಿಯೋಜನಾ ನಿರ್ದೇಶನಾಲಯವನ್ನು ಗೃಹ ಇಲಾಖೆಯ ಆಡಳಿತಕ್ಕೇ ಒಪ್ಪಿಸಿದೆ. ಸರ್ಕಾರಗಳು ತಾವಾಗಿಯೇ ಈ ಹಿಡಿತ ಬಿಟ್ಟುಕೊಡುವ ಸೂಚನೆ ಇಲ್ಲ, ಎದುರು ಪಕ್ಷಗಳ ಪ್ರಣಾಳಿಕೆಯಲ್ಲೂ ಇದು ಕಾಣುವುದಿಲ್ಲ.

ಅಲ್ಲಿಯವರೆಗೆ ನಾಗರಿಕರ ಕೈಯಲ್ಲಿರುವುದು ಒಂದು ಸಣ್ಣ ಸಾಧನ. 2023ರ ನವೆಂಬರ್ 9ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಜನಪ್ರತಿನಿಧಿಗಳ ಮೇಲಿನ ಪ್ರಕರಣಗಳ ಮೇಲ್ವಿಚಾರಣೆಗೆ ಹೈಕೋರ್ಟುಗಳೇ ಸ್ವಯಂಪ್ರೇರಿತ ಅರ್ಜಿ ದಾಖಲಿಸಿಕೊಳ್ಳಬೇಕು, ಅನಿವಾರ್ಯವಲ್ಲದೆ ವಿಚಾರಣೆ ಮುಂದೂಡಬಾರದು, ಯಾವ ಜಿಲ್ಲೆಯಲ್ಲಿ ಎಷ್ಟು ಪ್ರಕರಣ ಯಾವ ವರ್ಷದಿಂದ ಯಾವ ಹಂತದಲ್ಲಿವೆ ಎಂಬುದನ್ನು ತಮ್ಮ ಜಾಲತಾಣದಲ್ಲಿ ಪ್ರತ್ಯೇಕವಾಗಿ ಪ್ರಕಟಿಸಬೇಕು ಎಂದು ನಿರ್ದೇಶಿಸಿದೆ. ಶಾಸಕರ ಬಂಧನದ ದಿನ ಇಡೀ ಸಂಜೆ ಚರ್ಚೆ ನಡೆಸುವ ಸುದ್ದಿವಾಹಿನಿಗಳು, ಅದೇ ಶಾಸಕರ ಮೊಕದ್ದಮೆಯ ಮುಂದಿನ ವಾಯಿದೆ ಎಂದಿದೆ, ಕಳೆದ ಬಾರಿ ಮುಂದೂಡಿಕೆ ಕೇಳಿದವರು ಆರೋಪಿಯ ವಕೀಲರೋ ಸರ್ಕಾರಿ ಅಭಿಯೋಜಕರೋ ಎಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ.